ಮಗಳು ಓದಿ ಹೇಳಿದ ಕಾಗದ

ಆರು, ಏಳು, ಎಂಟನೇ ತರಗತಿಗಳನ್ನು ನೋಡಿಕೊಳ್ಳುವವಳು ನಾನು ಎಂದರೆ ಚಳ್ಳಕೆರೆಯ ನಮ್ಮ ನೆಂಟರಿಷ್ಟರು ಈಗಲೂ "ಅಯ್ಯೋ ಪಾಪ" ಅನ್ನುತ್ತಾರೆ. ಪಾಪ ಅಂದದ್ದು ನನಗೋ ಮಕ್ಕಳಿಗೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಚಿಕ್ಕ ತರಗತಿಯ ಮಕ್ಕಳನ್ನು ಎತ್ತಿಕೊಂಡು ಸಮಾಧಾನ ಮಾಡಬಹುದು, ಹೈಸ್ಕೂಲಿನವರ ಜೊತೆ ಕೂತು ವಾದ ಮಾಡಬಹುದು. ನಡುವಿನ ಇವರು ಎರಡಕ್ಕೂ ಸಿಗುವವರಲ್ಲ. ಬೆಳಿಗ್ಗೆ ಬಂದವರೇ ಸೊಂಟ ತಬ್ಬಿಕೊಳ್ಳುತ್ತಾರೆ. ಹನ್ನೊಂದು ಗಂಟೆಗೆ "ನಿಮಗೇನೂ ಅರ್ಥ ಆಗಲ್ಲ ಅಕ್ಕ" ಎಂದು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಊಟದ ಹೊತ್ತಿಗೆ ಏನೂ ಆಗದವರ ಹಾಗೆ ತಮ್ಮ ಡಬ್ಬಿಯ ಶೇಂಗಾ ಚಟ್ನಿಯನ್ನು ನನ್ನ ತಟ್ಟೆಗೆ ಸುರಿಯುತ್ತಾರೆ. ದೊಡ್ಡ ತರಗತಿಗಳ ಜವಾಬ್ದಾರಿ ತಗೊಳ್ಳಿ ಎಂದು ಎರಡು ಸಲ ಕೇಳಿದರು. ಒಲ್ಲೆ ಅಂದೆ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ನಡುದಾರಿಗೆ ಇಳಿದು, ಮಣ್ಣುರಸ್ತೆಯಲ್ಲಿ ಒಂದು ಮೈಲಿ ನಡೆದರೆ ನಮ್ಮ ಶಾಲೆ. ನಾಲ್ಕು ಬೇವಿನ ಮರ, ಹೆಂಚಿನ ಕೊಠಡಿಗಳು, ಸುತ್ತ ಶೇಂಗಾ ಹೊಲ. ಯೂನಿಫಾರಂ ಇಲ್ಲ, ರ‍್ಯಾಂಕ್ ಇಲ್ಲ, ಎಂಟನೇ ತರಗತಿ ಮುಗಿಯುವ ತನಕ ಅಂಕಗಳೂ ಇಲ್ಲ. ಮಂಡಿ ವ್ಯಾಪಾರಸ್ಥರ ಮಕ್ಕಳು, ಕುರಿ ಸಾಕುವವರ ಮಕ್ಕಳು, ನೇಕಾರರ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ನಮ್ಮವ್ವನಿಗೆ ಈ ಶಾಲೆ ಕೊನೆಯ ತನಕ ಸರಿಹೋಗಲಿಲ್ಲ. "ಮಾರ್ಕ್ಸೇ ಇಲ್ಲ ಅಂದ್ರೆ ಹುಡ್ರು ಓದ್ತಾವೋ ಇಲ್ವೋ ಹೆಂಗ್ ಗೊತ್ತಾಗ್ಬೇಕು? ತೂಕಾನೇ ಹಾಕ್ದೆ ಶೇಂಗಾ ಮಾರಿದಂಗಾತು ನಿಂದು" ಅನ್ನುತ್ತಿದ್ದಳು. ಮಂಡಿಯವರ ಮನೆಯಲ್ಲಿ ಹುಟ್ಟಿದ ನನಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅದನ್ನು ಮುಚ್ಚಿಟ್ಟು ಬರೆದರೆ ಮಕ್ಕಳು ಓದಿ ನಗುತ್ತಾರೆ. ನಮ್ಮ ಶಾಲೆಯಲ್ಲಿ ದೊಡ್ಡವರು ಕೂಗಾಡಬಾರದು, ಕೂಗಾಡಿದವರು ಆ ದಿನ ಆರನೇ ತರಗತಿಯ ಕೊಠಡಿ ಗುಡಿಸಬೇಕು ಎಂಬ ನಿಯಮವನ್ನು ಉತ್ಸಾಹದಲ್ಲಿ ಬರೆದವಳು ನಾನೇ. ಆಮೇಲೆ ಆ ಕೊಠಡಿಯನ್ನು ನನ್ನಷ್ಟು ಗುಡಿಸಿದವರು ಇನ್ನೊಬ್ಬರಿಲ್ಲ. "ಅಕ್ಕ, ನಾಳೆ ನಮ್ ಕ್ಲಾಸಲ್ಲಿ ಪೇಪರ್ ಕತ್ತರಿಸೋ ಕೆಲ್ಸ ಐತೆ, ಸಂಜೆ ಸ್ವಲ್ಪ ಕೂಗಾಡಿ" ಎಂದು ಕೇಳಿದ ಪುಣ್ಯಾತ್ಮರೂ ಇದ್ದಾರೆ.

ಅಂಕಪಟ್ಟಿಯ ಬದಲು ನಾವು ಕಾಗದ ಬರೆಯುತ್ತೇವೆ. ವರ್ಷಕ್ಕೆ ಎರಡು ಸಲ, ಪ್ರತಿ ಮಗುವಿಗೂ ಒಂದು. ಅಪ್ಪ ಅಮ್ಮನಿಗಲ್ಲ, ಮಗುವಿಗೇ ಬರೆಯುವುದು. ಅದಕ್ಕೆ ನಾನು ಸೇರಿಸಿದ ಪದ್ಧತಿ ಒಂದಿತ್ತು: ಕಾಗದವನ್ನು ಮಗುವೇ ಮನೆಗೆ ಒಯ್ದು, ಮನೆಯವರನ್ನೆಲ್ಲ ಕೂರಿಸಿ, ಗಟ್ಟಿಯಾಗಿ ಓದಿ ಹೇಳಬೇಕು. ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ಮಂಡಿಯಲ್ಲಿ ಮೂಟೆಗೆ ಒರಗಿಕೊಂಡು ನನ್ನ ಅಂಕಪಟ್ಟಿಗೆ ಸಹಿ ಹಾಕುತ್ತ, ಗಣಿತದ ಅಂಕವನ್ನು ಹಮಾಲರಿಗೆಲ್ಲ ಕೇಳುವ ಹಾಗೆ ಓದಿ ನಕ್ಕಿದ್ದರು. ನನ್ನ ವಿಷಯವನ್ನು ನನ್ನ ಮುಂದೆಯೇ ಬೇರೆಯವರು ಓದಿದ ಆ ಅವಮಾನವನ್ನು ನಾನು ಮರೆತಿರಲಿಲ್ಲ. ನಮ್ಮ ಮಕ್ಕಳ ಬಗ್ಗೆ ಬರೆದದ್ದು ಅವರ ಬಾಯಲ್ಲೇ ಬರಲಿ ಎಂದು ಹಟ ಹಿಡಿದು ಈ ಪದ್ಧತಿ ತಂದೆ. ಬೇರೆ ಶಾಲೆಯವರು ನೋಡಲು ಬಂದರೆ ಮೊದಲು ಇದನ್ನೇ ಹೇಳುತ್ತಿದ್ದೆ. ಎಷ್ಟು ಜಂಬ ಇತ್ತು ಎಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದಸರಾ ರಜೆಗೆ ಮುಂಚಿನ ಮೂರು ದಿನ ಕಾಗದ ಬರೆಯುವ ಕಾಲ. ಮೇಷ್ಟರುಗಳು, ಟೀಚರುಗಳು ಎಲ್ಲರೂ ನೆಲದ ಮೇಲೆ ಕೂತು, ನಡುವೆ ಹುರಿದ ಶೇಂಗಾ ಸುರಿದುಕೊಂಡು ಬರೆಯುತ್ತಾರೆ. ಬರೆದದ್ದೆಲ್ಲ ನನ್ನ ಕೈಗೆ ಬರಬೇಕು. "ಉತ್ತಮ ಪ್ರಗತಿ, ಇನ್ನಷ್ಟು ಶ್ರಮ ಬೇಕು" ಎಂದು ಯಾರಾದರೂ ಬರೆದರೆ ನನಗೆ ತಡೆಯಲು ಆಗುವುದಿಲ್ಲ. "ಇದು ಯಾವ ಮಗೂನ ಬಗ್ಗೆ? ಹೆಸ್ರು ತೆಗೆದ್ರೆ ನನ್ ಬಗ್ಗೆನೂ ಹೇಳ್ಬೋದು, ಬಸ್ಸಿನ ಡ್ರೈವರ್ ಬಗ್ಗೆನೂ ಹೇಳ್ಬೋದು!" ಎಂದು ಕೂಗಿ ಕಾಗದ ವಾಪಸು ಎಸೆಯುತ್ತೇನೆ. ಆಮೇಲೆ ಪೊರಕೆ ಹಿಡಿಯುತ್ತೇನೆ.

ಆ ವರ್ಷ ಎಂಟನೇ ತರಗತಿಯ ಒಬ್ಬ ಹುಡುಗಿಯ ಕಾಗದವನ್ನು ನಾನೇ ಬರೆಯುತ್ತೇನೆ ಎಂದು ಇಸಿದುಕೊಂಡೆ. ಮೊಳಕಾಲ್ಮೂರಿನ ನೇಕಾರರ ಮಗಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ. ಅವಳ ಅಪ್ಪ ಆಂಧ್ರದ ಕಡೆಯ ಹಳ್ಳಿಯವರು, ಮದುವೆಯಾದ ಮೇಲೆ ಮೊಳಕಾಲ್ಮೂರಿಗೆ ಬಂದು ಹೆಂಡತಿಯ ತವರಿನ ಬೀದಿಯಲ್ಲೇ ಮಗ್ಗ ಹಾಕಿಕೊಂಡವರು. ಅಮ್ಮ ಶಾಲೆಯ ಮುಖ ಕಂಡವರಲ್ಲ. ಅಕ್ಕನಿಗೆ ಮದುವೆಯಾಗಿತ್ತು. ಅಪ್ಪನನ್ನು ಇವಳು ನಾನ್ನ ಎಂದು ಕರೆಯುತ್ತಿದ್ದಳು. "ನಮ್ ನಾನ್ನ ಹಿಂಗಂತಾರೆ, ನಮ್ ನಾನ್ನ ಹಂಗಂತಾರೆ" ಎಂದು ದಿನಕ್ಕೆ ಹತ್ತು ಸಲ ಬರುತ್ತಿದ್ದುದರಿಂದ, ಮೂರು ವರ್ಷದಲ್ಲಿ ಎರಡೇ ಸಲ ನೋಡಿದ್ದ ಆ ಮನುಷ್ಯರು ನಮಗೆಲ್ಲ ಚೆನ್ನಾಗಿ ಪರಿಚಯ ಇದ್ದಂತೆ ಇತ್ತು.

ಅವಳನ್ನು ನಾನು ಸರಿಯಾಗಿ ಕಂಡದ್ದು ಉಳ್ಳಾರ್ತಿ ಕಾವಲಿನಲ್ಲಿ. ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಈಗ ಅರ್ಧಕ್ಕಿಂತ ಹೆಚ್ಚು ಕಡೆ ಬೇಲಿ, ಗೋಡೆ. ಉಳಿದ ಹುಲ್ಲುಗಾವಲಿನಲ್ಲಿ ಕೂತು, ಒಂದು ಗಂಟೆ ಏನೂ ಮಾಡದೆ ನೋಡಿ ಎಂದು ಬಿಡುತ್ತೇವೆ. ಹತ್ತು ನಿಮಿಷದಲ್ಲಿ ಎಲ್ಲರ ಚೀಲದಿಂದ ಚಕ್ಕುಲಿ ಹೊರಬಂತು. ಇವಳು ಮಾತ್ರ ಹೊಟ್ಟೆಯ ಮೇಲೆ ಮಲಗಿಕೊಂಡು ಹುಲ್ಲನ್ನೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಎದ್ದು ಬಂದು, "ದನ ಈ ಹುಲ್ಲು ಬಿಟ್ಟು ಪಕ್ಕದ್ದನ್ನೇ ಹುಡುಕ್ಕೊಂಡು ತಿಂತಾವೆ, ಯಾಕಕ್ಕ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಮೇಷ್ಟರಿಗೂ ಗೊತ್ತಿರಲಿಲ್ಲ. ಅವಳು ದನ ಕಾಯುವ ಅಜ್ಜನ ಹತ್ತಿರ ಹೋಗಿ ಕೇಳಿದಳು, ಅವರು ಹೇಳಿದ್ದನ್ನು ಬರೆದುಕೊಂಡಳು, ಆಮೇಲೆ ಎರಡೂ ಹುಲ್ಲನ್ನು ಕಿತ್ತು ಅಗಿದು ನೋಡಿದಳು. "ಎಲ್ಡೂ ತಿಂದೆ ಅಕ್ಕ. ನಂಗೇನೂ ಗೊತ್ತಾಗ್ಲಿಲ್ಲ. ದನಾನೇ ಕೇಳ್ಬೇಕು" ಅಂದಳು. ನಾನು ನಕ್ಕು ನಕ್ಕು ಸುಸ್ತಾದೆ, ಆದರೆ ಅವಳು ನಗಿಸಲು ಹೇಳಿದ್ದಲ್ಲ.

ಅವಳ ಕಾಗದ ಎರಡು ಹಾಳೆ ಆಯಿತು. ಹುಲ್ಲಿನ ವಿಷಯ ಬರೆದೆ, ದನದ ವಿಷಯ ಬರೆದೆ, ಗೊತ್ತಿಲ್ಲ ಎಂದು ಹೇಳಲು ಅವಳಿಗೆ ಹೆದರಿಕೆ ಇಲ್ಲದಿರುವುದನ್ನು ಬರೆದೆ. ನಿನ್ನಂಥವಳಿಗೆ ಪಾಠ ಹೇಳುವುದು ನನಗೆ ಖುಷಿ ಎಂದೂ ಬರೆದೆ. ಇಷ್ಟು ಮನಸ್ಸಿಟ್ಟು ನಾನು ಇನ್ನೊಂದು ಕಾಗದ ಬರೆದ ನೆನಪಿಲ್ಲ. ಇದನ್ನು ಅವಳು ಮನೆಯಲ್ಲಿ ಓದುವಾಗ ಅವಳ ನಾನ್ನ ಹೇಗೆ ಬೀಗುತ್ತಾರೋ ಎಂದು ಕಲ್ಪಿಸಿಕೊಂಡು ಲಕೋಟೆ ಅಂಟಿಸಿದೆ.

ರಜೆ ಮುಗಿಸಿ ಬಂದ ಹುಡುಗಿ ಬೇರೆಯೇ ಆಗಿದ್ದಳು. ಪ್ರಶ್ನೆ ಇಲ್ಲ, ತಂಟೆ ಇಲ್ಲ. ಕೊಟ್ಟ ಕೆಲಸ ಮಾಡಿ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಎಲ್ಲರೂ ಊಟಕ್ಕೆ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಅಕ್ಕ, ಈ ವರ್ಷ ಮುಗಿದ್ಮೇಲೆ ನಾನು ಬರಲ್ಲ. ನಾನ್ನ ಬಂದು ಟಿ.ಸಿ. ತಗೊಂಡೋಗ್ತಾರೆ."

"ಯಾವ ಶಾಲೆಗೆ ಹಾಕ್ತಾರಂತೆ?"

"ಯಾವ್ದಕ್ಕೂ ಇಲ್ಲ. ಮನೇಲೇ ಇರ್ತೀನಿ. ಮಗ್ಗದಾಗೆ ಕೂತ್ಕೋತೀನಿ."

"ಯಾರು ಹೇಳಿದ್ದು ಇದನ್ನ?"

ಅವಳು ಗೋಡೆ ನೋಡಿಕೊಂಡು, "ನಾನ್ನ ಒಪ್ಪಿದಾರೆ" ಅಂದಳು. ಒಪ್ಪಿದಾರೆ ಎಂದರೆ ಕೇಳಿದವರು ಯಾರು ಎಂದು ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ರಕ್ತ ತಲೆಗೇರಿತ್ತು. ಎಂಟನೇ ತರಗತಿಗೇ ಹುಡುಗಿಯನ್ನು ಬಿಡಿಸಿ ಮಗ್ಗದ ಗುಂಡಿಯಲ್ಲಿ ಕೂರಿಸುತ್ತಾರಲ್ಲ, ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಎಂದು ಟೀಚರುಗಳ ಕೋಣೆಯಲ್ಲಿ ಬಾಯಿಗೆ ಬಂದಂತೆ ಮಾತಾಡಿದೆ. ಗಣಿತದ ಟೀಚರು, ಅವರೂ ಮೊಳಕಾಲ್ಮೂರಿನವರು, ಎದ್ದುಹೋದರು. ಆ ಸಂಜೆ ಎರಡು ಕೊಠಡಿ ಗುಡಿಸಿದರೂ ಸಿಟ್ಟು ಇಳಿಯಲಿಲ್ಲ. ಅವಳ ಅಪ್ಪನಿಗೆ ಬರಲು ಹೇಳಿ ಕಳಿಸಿದೆ. ಅವರು ಬರುವ ತನಕ, ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ, ಅವರಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆದುಕೊಳ್ಳುತ್ತಿದ್ದೆ.

ಒಂದು ಬುಧವಾರ ಮಧ್ಯಾಹ್ನ ಬಂದರು. ಸಣ್ಣ ಆಳು, ಒಗೆದು ಒಗೆದು ತೆಳ್ಳಗಾದ ಬಿಳಿ ಅಂಗಿ, ಕೈಯಲ್ಲಿ ಸೀರೆಯ ರಟ್ಟಿನ ಡಬ್ಬಿ. ವರಾಂಡದಲ್ಲೇ ಸಿಕ್ಕರು. ಕೂತ್ಕೊಳ್ಳಿ ಎನ್ನಲೂ ಇಲ್ಲ, ನೀರು ಬೇಕಾ ಎನ್ನಲೂ ಇಲ್ಲ, ನಾನು ಶುರುಮಾಡಿಯೇಬಿಟ್ಟೆ.

"ಏನ್ರೀ ಇದು? ಇಂಥಾ ಮಗಳನ್ನ ಬಿಡಿಸ್ತೀರಾ? ನಿಮಗೆ ಮನಸ್ಸಾದ್ರೂ ಹೆಂಗ್ ಬಂತು? ಅವಳ ತಲೆ ಎಂಥದ್ದು ಅಂತ ಗೊತ್ತೈತಾ ನಿಮಗೆ? ಕಾಗದದಲ್ಲಿ ಅಷ್ಟು ಬರೆದಿದ್ದೀನಿ, ಕಿವಿಗೆ ಬೀಳ್ಲೇ ಇಲ್ವಾ?"

ನನ್ನ ಉಸಿರು ಮುಗಿದ ಮೇಲೆ ಅವರು ರಟ್ಟಿನ ಡಬ್ಬಿ ತೆರೆದು, ಒಳಗಿಂದ ನನ್ನದೇ ಕಾಗದ ತೆಗೆದರು. ಮಡಿಕೆಗಳು ಹರಿಯುವ ಹಾಗಾಗಿದ್ದವು.

"ಮೇಡಮ್ಮ, ಇದನ್ನ ಒಂದ್ಸಲ ಓದ್ರಿ. ಅದ್ಕೇ ಬಂದೆ" ಅಂದರು.

"ಮಗಳು ಓದಿಲ್ವಾ?"

"ಓದಿದ್ಲು. ನೀವು ಓದ್ರಿ."

ಓದಿದೆ. ಎರಡನೇ ವಾಕ್ಯಕ್ಕೇ ಕೈ ಎತ್ತಿ, "ಇನ್ನೊಂದ್ಸಲ" ಅಂದರು. ಹುಲ್ಲು ಬಂದಾಗ, "ಹಾಂ, ಹುಲ್ಲು. ಸರಿ" ಎಂದು ತಲೆಯಾಡಿಸಿದರು. ದನ ಬಂದಾಗ ಜೋರಾಗಿ ನಕ್ಕುಬಿಟ್ಟರು. "ದನಾನೇ! ನಾನು ತಪ್ಪು ಓದಿದೀನಿ ಅನ್ಕೊಂಡಿದ್ದೆ. ಓದಿನ್ ಕಾಗ್ದದಾಗೆ ದನ ಯಾಕೆ ಬಂತು ಅಂತ ಎಲ್ಡು ದಿನ ತಲೆ ಕೆಟ್ಟೋಗಿತ್ತು." ನಗುತ್ತಲೇ ಅವರ ಕಣ್ಣು ತುಂಬಿತು. ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

"ಅವಳು ಏನಂತ ಓದಿದ್ಲು?" ಎಂದು ಕೇಳಿದೆ.

"'ನೀನು ಒಳ್ಳೇ ಹುಡುಗಿ. ಆದ್ರೆ ಓದು ನಿನಗೆ ಹತ್ತಲ್ಲ. ಕೈಕೆಲಸ ಚೆನ್ನಾಗಿ ಬರುತ್ತೆ, ಮನೆಯಲ್ಲಿದ್ದು ಅದನ್ನೇ ಕಲಿ.' ಇಷ್ಟೇ ಮೇಡಮ್ಮ. ಹಬ್ಬದ ದಿನ, ಹೋಳಿಗೆ ಮುಂದಿಟ್ಕೊಂಡು, ನಮ್ಮನ್ನೆಲ್ಲ ಕೂರಿಸಿ ಓದಿದ್ಲು. ನಾನು ಹೋಳಿಗೆ ಹಂಗೇ ಬಿಟ್ಟು ಎದ್ದೆ. ಅವ್ರಮ್ಮ ಅತ್ಲು. ಈ ಹುಡ್ಗಿ ಮಾತ್ರ, 'ಹೋಗ್ಲಿ ಬಿಡು ನಾನ್ನ, ನಾನು ಮಗ್ಗದಾಗೆ ಕೂರ್ತೀನಿ' ಅಂತ ನಮ್ಗೇ ಸಮಾಧಾನ ಮಾಡಿದ್ಲು. ಆತು ಅಂದೆ."

ನಾನೇ ತಂದ ಪದ್ಧತಿ, ನಾನೇ ಜಂಬಪಟ್ಟ ಪದ್ಧತಿ. ಮಗುವಿನ ಬಾಯಲ್ಲೇ ಬರಲಿ ಎಂದಿದ್ದೆ. ಮಗುವಿಗೆ ಬೇರೆ ಏನಾದರೂ ಹೇಳಬೇಕಾಗಿ ಬರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಮತ್ತೆ ನಿಮಗೆ ಅನುಮಾನ ಹೆಂಗ್ ಬಂತು?"

"ಓದು ಹತ್ತಲ್ಲ ಅನ್ನೋಕೆ ಎಲ್ಡು ಹಾಳೆ ಬೇಕಾ ಮೇಡಮ್ಮ?" ಅಂದರು.

ಅವರು ಐದನೇ ತರಗತಿಯ ತನಕ ತೆಲುಗಿನಲ್ಲಿ ಓದಿದವರು. ಕನ್ನಡ ಅಕ್ಷರ ಕಲಿತಿರಲಿಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಊರ ಹೆಸರು ಮಾತ್ರ ಗುರುತು ಹಿಡಿಯುತ್ತಿದ್ದರು. "ನಿಮ್ಮಕ್ಷರ ನಮ್ಮಕ್ಷರ ಅಣ್ಣತಮ್ಮ ಇದ್ದಂಗೇ ಅಲ್ವಾ. ತಲೆಕಟ್ಟು ಬೇರೆ, ಮೈ ಒಂದೇ" ಎಂದರು. ಮಧ್ಯಾಹ್ನ ಮಗ್ಗ ನಿಲ್ಲಿಸಿದಾಗ ಕಾಗದ ಮುಂದಿಟ್ಟುಕೊಂಡು, ಒಂದೊಂದೇ ಅಕ್ಷರ ಬೆರಳಿಟ್ಟು ಕೂಡಿಸಿದ್ದರು. ಹತ್ತಲ್ಲ ಎಂಬ ಪದವನ್ನು ಎರಡು ಹಾಳೆಯಲ್ಲೂ ಹುಡುಕಿದರಂತೆ, ಸಿಗಲಿಲ್ಲ. ಹುಲ್ಲು ಸಿಕ್ಕಿತು, ದನ ಸಿಕ್ಕಿತು, ಖುಷಿ ಸಿಕ್ಕಿತು. ಬೀದಿಯಲ್ಲಿ ಕನ್ನಡ ಓದುವವರು ಬೇಕಾದಷ್ಟು ಜನ ಇದ್ದಾರಲ್ಲ, ಅವರ ಕೈಲಿ ಓದಿಸಬಹುದಿತ್ತಲ್ಲ ಎಂದೆ. "ಮಗ್ಳು ಸುಳ್ಳು ಹೇಳಿದಾಳೆ ಅಂತ ಬೀದಿಗೆಲ್ಲ ಗೊತ್ತಾಗ್ಬೇಕಾ?" ಎಂದು ನನ್ನನ್ನೇ ಗದರಿದರು.

ಸುಳ್ಳಿನ ಕಾರಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ನೇಯುವುದು ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣದ ರೇಷ್ಮೆ ಸೀರೆ. ಅದಕ್ಕೆ ಮೂರು ಲಾಳಿ ಬೇಕು, ಇಬ್ಬರು ಬೇಕು. ನೇಯುವವರು ಈ ಕಡೆ, ಆ ಕಡೆಯ ಅಂಚಿನ ಲಾಳಿಯನ್ನು ಪ್ರತಿ ಸಾಲಿಗೂ ತಿರುಗಿಸಿ ಕೊಡಲು ಇನ್ನೊಬ್ಬರು. ಇಪ್ಪತ್ತು ವರ್ಷ ಅವರ ಹೆಂಡತಿ ಆ ಕಡೆ ಕೂತಿದ್ದರು. ಯುಗಾದಿಯ ಹೊತ್ತಿಗೆ ಅವರ ಭುಜ ಹಿಡಿದುಕೊಂಡು ಕೈ ಮೇಲೆತ್ತಲು ಆಗದಂತಾಯಿತು. ಅಲ್ಲಿಂದ ಈಚೆಗೆ ಇವರೊಬ್ಬರೇ ಸಾಲು ಸಾಲಿಗೂ ಅತ್ತ ಬಾಗಿ ಇತ್ತ ಬಾಗಿ ನೇಯುತ್ತಿದ್ದರು. ಸಂಜೆ ಗುಂಡಿಯಿಂದ ಏಳುವಾಗ ಗೋಡೆ ಹಿಡಿದುಕೊಂಡು ಏಳುತ್ತಿದ್ದರು. ಶಾಲೆಯಿಂದ ಬಂದ ಹುಡುಗಿ ಬಾಗಿಲಲ್ಲಿ ಚೀಲ ಹಿಡಿದು ನಿಂತು ಅದನ್ನು ನೋಡುತ್ತಿದ್ದಳು.

"ನಿಮ್ಗೆ ಸುಳ್ಳು ಹೇಳಲ್ಲ ಮೇಡಮ್ಮ," ಅಂದರು. "ಅವಳು ಹಂಗೆ ಓದಿದಾಗ ಒಂದ್ ಕಡೆ ಸಂಕಟ ಆತು, ಇನ್ನೊಂದ್ ಕಡೆ ಆ ಕಡೆ ಕೂರೋಕೆ ಒಬ್ರು ಸಿಕ್ಕಿದ್ರು ಅಂತ ಸಮಾಧಾನಾನೂ ಆತು. ಎಲ್ಡೂ ಆತು. ನಂಗೆ ಒಂದು ಕೈ ಬೇಕೇ ಬೇಕು. ಬೇರೆಯೋರು ಯಾರೂ ಸಿಗ್ತಿಲ್ಲ, ಎಲ್ರ ಮನೇಲೂ ಅವ್ರವ್ರ ಮಗ್ಗ ಐತೆ."

ಅಷ್ಟು ಹೊತ್ತು ಅವರ ಮೇಲೆ ಮಸೆದಿಟ್ಟುಕೊಂಡಿದ್ದ ಮಾತೆಲ್ಲ ನನ್ನ ಕಡೆಗೇ ತಿರುಗಿತು. ಕ್ಷಮಿಸಿ ಎಂದೆ. ನೀರು ತರಿಸಿದೆ. ಏನು ಮಾಡ್ತೀರಿ ಎಂದು ಕೇಳಲು ಧೈರ್ಯ ಬರಲಿಲ್ಲ. ಕಾಗದದ ಕೊನೆಯ ಭಾಗ ಇನ್ನೂ ಓದಿರಲಿಲ್ಲ, ಅದನ್ನು ಓದಿ ಮುಗಿಸಿದೆ. ಅಲ್ಲಿ ಅವಳ ಒಂದು ತಪ್ಪು ಬರೆದಿದ್ದೆ, ಏಕೆಂದರೆ ಬರೀ ಹೊಗಳಿದ ಕಾಗದವನ್ನು ನಾನು ಯಾರಿಂದಲೂ ಒಪ್ಪುವುದಿಲ್ಲ: "ಪಕ್ಕದವರು ತಡಮಾಡಿದರೆ ನಿನಗೆ ನೋಡಲು ಆಗುವುದಿಲ್ಲ, ಅವರ ಕೆಲಸವನ್ನೂ ನೀನೇ ಮಾಡಿಬಿಡುತ್ತೀಯ. ಅವರವರ ಕೆಲಸ ಅವರವರಿಗೆ ಬಿಡು." ಅದನ್ನು ಅವರು ಎರಡು ಸಲವಲ್ಲ, ನಾಲ್ಕು ಸಲ ಓದಿಸಿದರು. ಕಾಗದ ಇಸಿದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸುತ್ತ ತಾವೂ ಓದಿಕೊಂಡರು. ಆಮೇಲೆ, "ಕರೀರಿ ಅವಳ್ನ" ಅಂದರು.

ಬಂದ ಹುಡುಗಿ ಅಪ್ಪನನ್ನು ನೋಡಿದಳು, ಅಪ್ಪನ ಕೈಯಲ್ಲಿದ್ದ ಕಾಗದ ನೋಡಿದಳು, ನನ್ನನ್ನು ನೋಡಿದಳು. ಮುಖ ಸುಣ್ಣದಂತಾಯಿತು. ಅವರು ಬೈಯುತ್ತಾರೆ ಎಂದು ಅವಳೂ ಕಾದಳು, ನಾನೂ ಕಾದೆ. ಅವರು ಕಾಗದ ಬಿಡಿಸಿ, ಕನ್ನಡದಲ್ಲಿ, ಮಗಳಿಗೆ ಓದಿ ಹೇಳಲು ಶುರುಮಾಡಿದರು.

ಒಂದೊಂದು ಪದಕ್ಕೂ ಎಷ್ಟು ಹೊತ್ತು! ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದರು, ಹಿಂದಕ್ಕೆ ಹೋಗಿ ಮತ್ತೆ ಕೂಡಿಸುತ್ತಿದ್ದರು. ಮೂರನೇ ಸಾಲಿನಲ್ಲಿ ಪ್ರಶ್ನೆ ಎಂಬ ಪದಕ್ಕೆ ಸಿಕ್ಕಿಬಿದ್ದು ಒದ್ದಾಡುತ್ತಿದ್ದಾಗ ಹುಡುಗಿಗೆ ತಡೆಯಲು ಆಗಲಿಲ್ಲ. "ಪ್ರಶ್ನೆ, ನಾನ್ನ" ಅಂದಳು. ಅವರು "ಹೂಂ, ಪ್ರಶ್ನೆ" ಎಂದು ಮುಂದಕ್ಕೆ ಹೋದರು. ಮುಂದಿನ ಸಾಲಿನಲ್ಲಿ ಮತ್ತೆ ನಿಂತರು, ಅವಳು ಮತ್ತೆ ಹೇಳಿಕೊಟ್ಟಳು. ಹೀಗೆ ಅವಳು ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು. ಹುಲ್ಲು, ಕಾವಲು, ದನ, ಹೆದರಿಕೆ, ಖುಷಿ, ತಾನು ಮುಚ್ಚಿಟ್ಟ ಒಂದೊಂದು ಮಾತನ್ನೂ ಅವಳೇ ತನ್ನ ಬಾಯಿಂದ ಹೇಳಿದಳು. ಎರಡನೇ ಹಾಳೆಗೆ ಬರುವ ಹೊತ್ತಿಗೆ ಅವಳ ದನಿ ಒಡೆದಿತ್ತು. ಆದರೂ ನಿಲ್ಲಿಸಲಿಲ್ಲ.

ಕೊನೆಯ ಸಾಲು ಬಂದಾಗ ಅವಳು ಸುಮ್ಮನಾದಳು. ಅದನ್ನು ಅವರೇ ಓದಿದರು. ಎಲ್ಲೂ ನಿಲ್ಲದೆ ಓದಿದರು. ಓದಿ, ಕಾಗದ ಮಡಿಸಿ, "ಮಗ್ಗ ನಂದು. ನಡಿ, ಕ್ಲಾಸಿಗೋಗು" ಅಂದರು.

"ಮತ್ತೆ ಆ ಕಡೆ ಯಾರು ಕೂತ್ಕೋತಾರೆ ನಾನ್ನ?"

"ನಿನ್ಗ್ಯಾಕೆ? ಹೋಗು ಅಂದ್ನಲ್ಲ."

ಅವಳು ಹೋದಳು. ಅವರು ಎರಡು ಗಂಟೆಯ ಬಸ್ಸಿಗೆ ಹೊರಟರು. ಊಟ ಮಾಡಿಕೊಂಡು ಹೋಗಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ, ಅರ್ಧ ದಿನದ ಕೆಲಸ ಹೋಯಿತು ಎಂದರು. ಟಿ.ಸಿ.ಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಹುಡುಗಿ ಬಂದು, "ಸುಳ್ಳು ಹೇಳಿದ್ದಕ್ಕೆ ನಾನೂ ಗುಡಿಸ್ಬೇಕಾ ಅಕ್ಕ?" ಎಂದು ಕೇಳಿದಳು. ನಿಮ್ಮಪ್ಪನ ಮೇಲೆ ಕೂಗಾಡಿದ್ದಕ್ಕೆ ನಾನು ಗುಡಿಸುವುದು ಬಾಕಿ ಇದೆ, ನೀನು ಕಸದ ಬುಟ್ಟಿ ಹಿಡಿ ಎಂದೆ. ಇಬ್ಬರೂ ಸೇರಿ ಗುಡಿಸಿದೆವು. ಬಾಗಿಲ ಹತ್ತಿರ ಬಂದಾಗ ಅವಳು ನನ್ನ ಸೊಂಟ ತಬ್ಬಿಕೊಂಡು ಬಹಳ ಹೊತ್ತು ಅತ್ತಳು. ನನಗೂ ಅಳು ಬಂತು. ಮುಖ್ಯಸ್ಥೆ ಎಂದು ಬೋರ್ಡು ಇದ್ದರೆ ಅಳಬಾರದೆಂದೇನೂ ಇಲ್ಲ.

ಪದ್ಧತಿಯನ್ನು ನಿಲ್ಲಿಸಲಿಲ್ಲ. ಈಗಲೂ ಮಕ್ಕಳೇ ಓದುತ್ತಾರೆ. ಆದರೆ ಕಾಗದ ಕೊಟ್ಟ ಮೇಲೆ ಮನೆಗಳಿಗೆ ನಾವೇ ಹೋಗಿಬರುತ್ತೇವೆ. ನಾನು ಬಸ್ಸು ಹತ್ತಿ ಮೊಳಕಾಲ್ಮೂರು, ದೇವಸಮುದ್ರ ಎಂದು ಸುತ್ತುತ್ತೇನೆ. ಓದಿದ್ದೇನು ಎಂದು ಯಾರನ್ನೂ ಕೇಳುವುದಿಲ್ಲ, ಕಾಫಿ ಕುಡಿದು, ಮನೆ ಹೇಗಿದೆ ಎಂದು ನೋಡಿಕೊಂಡು ಬರುತ್ತೇನೆ. ಹದಿನೈದು ವರ್ಷದ ಹಿಂದೆಯೇ ಮಾಡಬೇಕಿದ್ದ ಕೆಲಸ.

ಮುಂದಿನ ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ ಅವಳು ಒಂಬತ್ತನೇ ತರಗತಿಯ ಪುಸ್ತಕ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. "ಅಕ್ಕ ಬಂದ್ರು" ಎಂದು ಒಳಕ್ಕೆ ಕೂಗಿ ಕಾಫಿಪುಡಿ ತರಲು ಅಂಗಡಿಗೆ ಓಡಿದಳು. ಒಳಗೆ ಅವರು ನೇಯುತ್ತಿದ್ದರು. ಆ ಕಡೆಯ ಜಾಗ ಖಾಲಿ ಇತ್ತು, ಆದರೂ ಅವರು ಬಾಗುತ್ತಿರಲಿಲ್ಲ, ನೆಟ್ಟಗೆ ಕೂತಿದ್ದರು. ಆವತ್ತು ಮೆಟ್ಟಿಲ ಮೇಲೆ ಅವರು ಹೇಳಿದ್ದು ನೆನಪಿತ್ತು, ಹತ್ತಿರ ಹೋದೊಡನೆ ತಿಳಿಯಿತು. ಮಗ್ಗದ ಮೇಲಿದ್ದ ಸೀರೆಗೆ ಮೈಯೂ ಹಸಿರು, ಅಂಚೂ ಅದೇ ಹಸಿರು.

"ಅಂಚು?" ಅಂದೆ.

"ಈಗ ಇದೇ ನೇಯ್ತೀನಿ ಮೇಡಮ್ಮ. ಇದಾದ್ರೆ ಒಂದೇ ಲಾಳಿ, ಒಬ್ನೇ ಸಾಕು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಇವ್ರ ಕೈಯಿಂದ ಅಂಚು ಬೇಕು ಅಂತ ರಾಯದುರ್ಗದಿಂದ ಜನ ಬಂದು ಕಾದು ತಗೊಂಡೋಗ್ತಿದ್ರು" ಎಂದು ತೆಲುಗಿನಲ್ಲಿ, ನನಗಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದರು. ಅವರು ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ.

"ಮಗಳಿಗೆ ಏನ್ ಹೇಳಿದ್ದೀರಿ?" ಎಂದು ಮೆಲ್ಲಗೆ ಕೇಳಿದೆ.

"ಆ ಥರದ ಅಂಚು ಈಗ ಯಾರೂ ಕೇಳಲ್ಲ, ಫ್ಯಾಶನ್ ಹೋತು ಅಂದಿದೀನಿ."

"ನಂಬಿದ್ಲಾ?"

ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಂಬಿದಂಗೆ ಮಾಡ್ತಾಳೆ ಮೇಡಮ್ಮ. ಓದ್ತಾಳಲ್ಲ, ಸಾಕು."